ಬೀಗ ಹಾಕಿದ ಮನೆಗಳೂ ಕೂಡಿಬರದ ಲೆಕ್ಕವೂ

ರಾತ್ರಿ ಹನ್ನೊಂದೂವರೆ. ಯಾದಗಿರಿಯ ಬಾಡಿಗೆ ರೂಮಿನಲ್ಲಿ ಫ್ಯಾನಿನ ಸದ್ದಿಗಿಂತ ನನ್ನ ಹಳೇ ಲ್ಯಾಪ್‌ಟಾಪಿನ ಸದ್ದೇ ಜೋರಾಗಿತ್ತು. ಮರುದಿನ ಸಂಜೆಯೊಳಗೆ ವರದಿ ಕಳಿಸಬೇಕು. ಸ್ಕ್ರೀನಿನ ಮೇಲೆ ಕೆಂಪು ಅಕ್ಷರದಲ್ಲಿ ಒಂದೇ ಸಾಲು: ‘ಮಾಡೆಲ್ ಫೇಲ್ಡ್ ಟು ಕನ್ವರ್ಜ್’. ಮತ್ತೆ ಓಡಿಸಿದೆ. ಮತ್ತದೇ. ಮೂರನೇ ಸಲ ಇನ್ನೊಂದು ಸಾಲು ಸೇರಿಕೊಂಡಿತು: ‘ರೀಸ್ಕೇಲ್ ವೇರಿಯೇಬಲ್ಸ್?’ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೇರೆ. ಕಂಪ್ಯೂಟರೇ ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳಲಿ?

ಪತ್ರಿಕೋದ್ಯಮದ ಕ್ಲಾಸಿನಲ್ಲಿ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಕಲಿಸಿದರು. ಲೆಕ್ಕದಲ್ಲಿ ಪರ್ಸೆಂಟೇಜ್ ದಾಟಿ ಮುಂದೆ ಹೋಗಲಿಲ್ಲ. ಅದರ ಮುಂದಿನದನ್ನು ನಾನು ಕಲಿತದ್ದು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಒಬ್ಬ ಗೆಳೆಯನಿಂದ. ಅರ್ಧ ಫೋನಿನಲ್ಲಿ, ಅರ್ಧ ಬೈಸಿಕೊಂಡು.

ಕೆಲಸ ಇಷ್ಟು. ನಮ್ಮ ಬ್ಯಾಚಿನ ನಾಲ್ವರು ಸೇರಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಕೆಲವು ಹಳ್ಳಿ ಮತ್ತು ತಾಂಡಾಗಳಲ್ಲಿ ಮನೆಮನೆ ಫಾರ್ಮ್ ತುಂಬಿಸಿದ್ದೆವು. ಒಂದು ಸಂಸ್ಥೆ ಖರ್ಚು ಕೊಟ್ಟಿತ್ತು. ಪ್ರಶ್ನೆ ಒಂದೇ: ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಮುಂದೆ ಓದುತ್ತಿದ್ದಾಳಾ, ಇಲ್ಲವಾ? ಹಳ್ಳಿಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಣ್ಣ ಊರುಗಳು, ಹೆಸರು ಹೇಳಿದರೆ ಮನೆಯ ಗುರುತೇ ಸಿಕ್ಕಿಬಿಡುತ್ತದೆ.

ಈ ಪ್ರಶ್ನೆ ಯಾಕೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದೆವು. ಒಂದೇ ವರ್ಷ ಕಳೆದು ಬಂದ 2011ರ ಜನಗಣತಿಯಲ್ಲಿ ಸಾಕ್ಷರತೆ 51.83 ಪ್ರತಿಶತ, ರಾಜ್ಯದಲ್ಲೇ ಕಟ್ಟಕಡೆ. ಹೆಣ್ಣುಮಕ್ಕಳದು 41.38. ಆ ಅಂಕಿ ನಮ್ಮ ಮೇಲೆ ಅಂಟಿಕೊಂಡ ಹಣೆಪಟ್ಟಿ. ಬೆಂಗಳೂರಿನಲ್ಲಿ ಯಾರಿಗಾದರೂ ಯಾದಗಿರಿ ಎಂದರೆ ಮೊದಲು ನೆನಪಾಗುವುದು ಅದೇ. ಹಾಗಾಗಿ ಈ ಸಲ ನಾವೇ ಅಂಕಿ ತರಬೇಕು, ಸರಿಯಾಗಿ ತರಬೇಕು ಎಂಬ ಹಟ ಇತ್ತು.

ಬರೀ ಪರ್ಸೆಂಟೇಜ್ ಹಾಕಿದರೆ ಸಾಲದಾ? ಸಾಲದು. ಗುಳೆ ಹೋಗುವ ಮನೆಗೆ ಹೊಲವೂ ಕಡಿಮೆ, ಕಾಲೇಜೂ ದೂರ, ತಾಯಿಯೂ ಓದಿರುವುದಿಲ್ಲ. ಹುಡುಗಿಯ ಓದನ್ನು ನಿಲ್ಲಿಸಿದ್ದು ಇವುಗಳಲ್ಲಿ ಯಾವುದು? ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಆ ಹೆಣಿಗೆ ಬಿಡಿಸಲು ಲಾಜಿಸ್ಟಿಕ್ ರಿಗ್ರೆಶನ್ ಎಂಬ ದಾರಿ ಇದೆ. ಉತ್ತರ ಹೌದು ಅಥವಾ ಇಲ್ಲ ಎಂದಿರುವಾಗ, ಉಳಿದವು ಸಮಾನವಾಗಿದ್ದರೆ ಈ ಒಂದು ಸಂಗತಿ ಎಷ್ಟು ಎಳೆಯುತ್ತದೆ ಎಂದು ಅದು ಒಂದೊಂದಕ್ಕೂ ಒಂದು ಸಂಖ್ಯೆ ಕೊಡುತ್ತದೆ. ನಾನು ಬಳಸಿದ್ದು ಆರ್ ಎಂಬ ಉಚಿತ ತಂತ್ರಾಂಶ.

ಆ ಸಂಖ್ಯೆಗಳನ್ನು ಕಂಪ್ಯೂಟರು ಒಂದೇ ಏಟಿಗೆ ಕಂಡುಹಿಡಿಯುವುದಿಲ್ಲ, ಹುಡುಕುತ್ತದೆ. ಗೆಳೆಯ ವಿವರಿಸಿದ್ದು ಹೀಗೆ: ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು ಇದೆಯಲ್ಲ, ಅದನ್ನು ಕಣ್ಣು ಕಟ್ಟಿಕೊಂಡು ಹತ್ತುತ್ತಿದ್ದೀಯ ಅಂದುಕೋ. ಪ್ರತಿ ಹೆಜ್ಜೆಗೂ ಕಾಲಿನಿಂದ ತಡಕಿ, ಯಾವ ಕಡೆ ಏರು ಇದೆಯೋ ಆ ಕಡೆ ಇಡುತ್ತೀಯ. ಸುತ್ತ ಎಲ್ಲಿಯೂ ಏರು ಸಿಗದಿದ್ದಾಗ, ನೆತ್ತಿ ಬಂತು ಎಂದು ನಿಲ್ಲುತ್ತೀಯ. ಹಾಗೆ ನಿಂತರೆ ಲೆಕ್ಕ ಕೂಡಿಬಂತು, ಕನ್ವರ್ಜ್ ಆಯಿತು. ಕಲ್ಲುಬಂಡೆ ತೀರಾ ಕಡಿದಾಗಿದ್ದರೆ, ಇಲ್ಲವೇ ಬೆಟ್ಟಕ್ಕೆ ನೆತ್ತಿಯೇ ಇಲ್ಲದಿದ್ದರೆ, ನಿಲ್ಲುವುದಿಲ್ಲ.

ನೆತ್ತಿಯೇ ಇಲ್ಲದ ಬೆಟ್ಟ ಇರುತ್ತದಾ ಎಂದು ನಕ್ಕಿದ್ದೆ.

ಮೊದಲು ಕಂಪ್ಯೂಟರು ಹೇಳಿದ್ದನ್ನೇ ಮಾಡಿದೆ. ವರ್ಷದ ಆದಾಯ ರೂಪಾಯಿಯಲ್ಲಿತ್ತು, ಲಕ್ಷದ ಲೆಕ್ಕ. ಕಾಲೇಜಿನ ದೂರ ಕಿಲೋಮೀಟರಿನಲ್ಲಿತ್ತು, ಐದು ಹತ್ತರ ಲೆಕ್ಕ. ಇಂಥ ಎರಡನ್ನು ಒಟ್ಟಿಗೆ ಇಟ್ಟರೆ ಬೆಟ್ಟದ ಒಂದು ಮಗ್ಗುಲು ಗೋಡೆ, ಇನ್ನೊಂದು ಮಗ್ಗುಲು ಬಯಲು. ಪ್ರತಿ ಕಾಲಮ್ಮಿನಿಂದ ಅದರ ಸರಾಸರಿ ಕಳೆದು, ಹರಡಿಕೆಯಿಂದ ಭಾಗಿಸಿ, ಎಲ್ಲವನ್ನೂ ಒಂದೇ ಅಳತೆಗೆ ತಂದೆ.

ಹೊಲದ ಕಾಲಮ್ಮಿಗೆ ಬಂದಾಗ ಎದೆ ಧಸಕ್ ಎಂದಿತು. ಫಾರ್ಮಿನಲ್ಲಿ 2 ಎಕರೆ 20 ಗುಂಟೆ ಎಂದಿದ್ದದ್ದು ಕಂಪ್ಯೂಟರಿನಲ್ಲಿ 2.20 ಆಗಿತ್ತು. ಎಕರೆಗೆ ನಲವತ್ತು ಗುಂಟೆ. 20 ಗುಂಟೆ ಎಂದರೆ ಅರ್ಧ ಎಕರೆ, ಬರಬೇಕಾದ್ದು 2.5. ರೈತನ ಮಗನಾಗಿ ನಾನು ಇದನ್ನು ಬಿಟ್ಟುಕೊಟ್ಟಿದ್ದೆ. ಅಪ್ಪನಿಗೆ ಈವರೆಗೆ ಹೇಳಿಲ್ಲ. ಅವನ್ನೆಲ್ಲ ತಿದ್ದಿದೆ.

ಮುಂದೆ ಇನ್ನೊಂದು ಎಚ್ಚರಿಕೆ: ಒಂದು ಕಾಲಮ್ಮನ್ನು ನಾನೇ ಬಿಟ್ಟಿದ್ದೇನೆ ಎಂದಿತು. ನೋಡಿದರೆ, ನಾವು ಆರಿಸಿದ ಹಳ್ಳಿಗಳಲ್ಲಿ ಶಹಾಪುರ, ಸುರಪುರದವೆಲ್ಲ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡವು, ಯಾದಗಿರಿ ತಾಲ್ಲೂಕಿನವೆಲ್ಲ ಖುಷ್ಕಿ. ‘ಕಾಲುವೆ ಇದೆಯಾ’ ಎಂದು ಕೇಳುವುದೂ ‘ಯಾದಗಿರಿ ತಾಲ್ಲೂಕು ಅಲ್ಲವಾ’ ಎಂದು ಕೇಳುವುದೂ ಒಂದೇ ಆಗಿಬಿಟ್ಟಿತ್ತು. ಒಂದೇ ಮಾತನ್ನು ಎರಡು ಸಲ ಹೇಳಿ, ಇದರಲ್ಲಿ ಯಾವುದರ ತೂಕ ಎಷ್ಟು ಎಂದು ಕೇಳಿದರೆ ಯಾವ ಲೆಕ್ಕವೂ ಉತ್ತರಿಸಲಾರದು. ಹಳ್ಳಿ ಆರಿಸುವಾಗಲೇ ಯೋಚಿಸಬೇಕಿತ್ತು. ತಾಲ್ಲೂಕನ್ನು ಇಟ್ಟುಕೊಂಡು ಕಾಲುವೆಯನ್ನು ಬಿಟ್ಟೆ. ಈಗ ಗುರುಮಠಕಲ್, ವಡಗೇರಾ, ಹುಣಸಗಿಯೂ ತಾಲ್ಲೂಕುಗಳೇ, ಆದರೆ 2011ರ ಜನಗಣತಿಯ ಪಟ್ಟಿಯಲ್ಲಿರುವುದು ಹಳೆಯ ಮೂರೇ. ಅದರೊಂದಿಗೆ ಹೋಲಿಸಬೇಕಾದ್ದರಿಂದ ನಾವೂ ಮೂರಕ್ಕೇ ನಿಂತಿದ್ದೆವು.

ಹಳ್ಳಿಗೊಂದು ಗುಣ ಇರುತ್ತದೆಂದು ಮಿಶ್ರ ಮಾಡೆಲ್, ಅಂದರೆ ಪ್ರತಿ ಹಳ್ಳಿಗೂ ಅದರದೇ ಏರಿಳಿತ ಕೊಡುವ ಮಾಡೆಲ್ ಹಾಕಿದ್ದೆ. ಆರ್‌ನಲ್ಲಿ ಅದಕ್ಕೆ ಎಲ್‌ಎಂಇ4 ಎಂಬ ಪ್ಯಾಕೇಜು. ಕೂಡಿಬರದಿದ್ದರೆ ಹತ್ತುವ ವಿಧಾನವನ್ನೇ ಬದಲಿಸಬಹುದು, ಬೋಬಿಕಾ ಎಂಬ ಇನ್ನೊಂದು ವಿಧಾನ ಇದೆ, ಹೆಜ್ಜೆಗಳ ಮಿತಿಯನ್ನೂ ಹೆಚ್ಚಿಸಬಹುದು. ಎರಡೂ ಮಾಡಿದೆ. ಎಚ್ಚರಿಕೆ ಹೋಗಲಿಲ್ಲ. ಬೆರಳೆಣಿಕೆಯ ಹಳ್ಳಿಗಳಿಂದ ಹಳ್ಳಿ-ಹಳ್ಳಿಯ ವ್ಯತ್ಯಾಸವನ್ನು ಅಳೆಯಲು ಹೊರಟಿದ್ದೇ ದುರಾಸೆ ಎಂದು ಗೆಳೆಯ ಆಮೇಲೆ ಹೇಳಿದ. ಕೊನೆಗೆ ರಾತ್ರಿ ಒಂದಕ್ಕೆ ಹಳ್ಳಿಯ ಪದರ ತೆಗೆದು ಸಾದಾ ಲಾಜಿಸ್ಟಿಕ್ ರಿಗ್ರೆಶನ್ ಹಾಕಿದೆ.

ಓಡಿತು. ಕೆಂಪು ಸಾಲು ಇಲ್ಲ, ಎಚ್ಚರಿಕೆ ಇಲ್ಲ. ಖುಷಿಗೆ ಎದ್ದು ಹೋಗಿ ನೀರು ಕುಡಿದು ಬಂದೆ.

ಈ ಬರಹ ಬರೆಯುತ್ತಿರುವುದೇ ಆ ಹೊತ್ತಿಗಾಗಿ. ಕೂಡಿಬರದ ಲೆಕ್ಕ ಕೂಗಿ ಹೇಳುತ್ತದೆ. ಕೂಡಿಬಂದಂತೆ ನಟಿಸುವ ಲೆಕ್ಕ ಸುಮ್ಮನಿರುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ‘ಗುಳೆ’ ಎಂಬ ಸಾಲಿನ ಮುಂದೆ ಮೈನಸ್ ಹದಿನೆಂಟರ ಆಸುಪಾಸಿನ ಸಂಖ್ಯೆ ಇತ್ತು, ಪಕ್ಕದ ಸ್ಟ್ಯಾಂಡರ್ಡ್ ಎರರ್ ಸಾವಿರಗಳಲ್ಲಿ, ಕೊನೆಯಲ್ಲಿ ಪಿ ವ್ಯಾಲ್ಯೂ 0.99. ನಾನು ಕಲಿತಿದ್ದು, 0.05ಕ್ಕಿಂತ ಕಡಿಮೆ ಇದ್ದರೆ ನಕ್ಷತ್ರ, ಇಲ್ಲದಿದ್ದರೆ ಬಿಟ್ಟುಬಿಡು ಎಂದು. ಹಾಗಾಗಿ ವರದಿಯಲ್ಲಿ ಬರೆದೂ ಬಿಟ್ಟೆ: ‘ಕುಟುಂಬ ಗುಳೆ ಹೋಗುವುದಕ್ಕೂ ಹುಡುಗಿಯ ಓದು ನಿಲ್ಲುವುದಕ್ಕೂ ಗಮನಾರ್ಹ ಸಂಬಂಧ ಕಂಡುಬಂದಿಲ್ಲ.’

ಬರೆದು ಓದಿಕೊಂಡಾಗ ನನಗೇ ಅಸಹ್ಯವಾಯಿತು. ತೊಗರಿ ರಾಶಿ ಮುಗಿಯುತ್ತಲೇ ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುವ ಗಂಟುಮೂಟೆ, ಪಾತ್ರೆ ತುಂಬಿದ ಪ್ಲಾಸ್ಟಿಕ್ ಕೊಡ, ಕೊಡದ ಪಕ್ಕ ಕೂತ ಹುಡುಗಿಯರನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಕಂಡದ್ದೇ ಸತ್ಯ, ಲೆಕ್ಕ ಸುಳ್ಳು ಎನ್ನುವುದೂ ಪತ್ರಕರ್ತನಿಗೆ ಒಪ್ಪುವ ಮಾತಲ್ಲ. ಬೆಳಿಗ್ಗೆ ಆರಕ್ಕೆ ಕಲಬುರಗಿಗೆ ಫೋನ್ ಹಚ್ಚಿದೆ.

ಗೆಳೆಯ ನಿದ್ದೆಗಣ್ಣಲ್ಲೇ ಕೇಳಿದ: “ಗುಳೆ ಒಂದ್ ಕಡಿ, ಓದು ಒಂದ್ ಕಡಿ ಇಟ್ಟು ನಾಕ್ ಖಾನಿ ಕೋಷ್ಟಕ ಮಾಡಿದ್ಯಾ?” ಮಾಡಿರಲಿಲ್ಲ. ಮಾಡಿದೆ. ಗುಳೆ ಹೋದ ಮನೆಗಳಲ್ಲಿ ಮುಂದೆ ಓದುತ್ತಿರುವ ಹುಡುಗಿಯರು: ಸೊನ್ನೆ.

“ಅದ ನೋಡು ನೆತ್ತಿ ಇಲ್ಲದ ಬೆಟ್ಟ” ಎಂದ.

ಒಂದು ಗುಂಪಿನಲ್ಲಿ ಎಲ್ಲರ ಉತ್ತರವೂ ‘ಇಲ್ಲ’ ಆದರೆ, ಆ ಗುಂಪಿಗೆ ಎಷ್ಟು ದೊಡ್ಡ ಮೈನಸ್ ಕೊಟ್ಟರೂ ಮಾಡೆಲಿಗೆ ಇನ್ನೂ ಸ್ವಲ್ಪ ಚೆನ್ನಾಗಿ ಹೊಂದುತ್ತದೆ. ಮೈನಸ್ ಐದಕ್ಕಿಂತ ಮೈನಸ್ ಹತ್ತು ಚೂರು ಉತ್ತಮ, ಹತ್ತಕ್ಕಿಂತ ಹದಿನೆಂಟು ಕೂದಲೆಳೆಯಷ್ಟು ಉತ್ತಮ. ನಿಜವಾದ ಉತ್ತರ ಮೈನಸ್ ಅನಂತ. ಬೆಟ್ಟ ಏರುತ್ತಲೇ ಇರುತ್ತದೆ, ಏರು ಮಾತ್ರ ಕಡಿಮೆಯಾಗುತ್ತ ಬಯಲಿನಂತಾಗುತ್ತದೆ. ಆರ್‌ನ ಸಾದಾ ಮಾಡೆಲು ಸಾಮಾನ್ಯವಾಗಿ ಇಪ್ಪತ್ತೈದು ಹೆಜ್ಜೆಯವರೆಗೆ ನೋಡುತ್ತದೆ. ಅದಕ್ಕೂ ಮೊದಲೇ ಏರು ಕಾಲಿಗೆ ತಿಳಿಯದಷ್ಟಾದರೆ, ಬಂತು ನೆತ್ತಿ ಎಂದು ಕೂತುಬಿಡುತ್ತದೆ. ಬಯಲಿನಲ್ಲಿ ಕೂತವನಿಗೆ ತಾನೆಲ್ಲಿದ್ದೇನೆ ಎಂಬ ಖಾತ್ರಿ ಇರುವುದಿಲ್ಲವಲ್ಲ, ಅದಕ್ಕೇ ಸ್ಟ್ಯಾಂಡರ್ಡ್ ಎರರ್ ಸಾವಿರಗಳಿಗೆ ಹೋಗುತ್ತದೆ. ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಸೊನ್ನೆಯ ಹತ್ತಿರ, ಪಿ ವ್ಯಾಲ್ಯೂ ಒಂದರ ಹತ್ತಿರ. ಇದಕ್ಕೆ ಸೆಪರೇಶನ್ ಎನ್ನುತ್ತಾರೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಬಲವಾದ ಸಂಬಂಧವೇ ಎಲ್ಲಕ್ಕಿಂತ ದುರ್ಬಲವೆಂದು ಕಾಣಿಸಿಕೊಂಡಿತ್ತು.

ಇಂಥಲ್ಲಿ ಆ ಪಿ ವ್ಯಾಲ್ಯೂ ನಂಬಬಾರದು. ಗುಳೆ ಇರುವ ಮಾಡೆಲ್, ಇಲ್ಲದ ಮಾಡೆಲ್ ಎರಡನ್ನೂ ಓಡಿಸಿ, ಹೊಂದಾಣಿಕೆ ಎಷ್ಟು ಕೆಟ್ಟಿತು ಎಂದು ಹೋಲಿಸಬೇಕು. ಇನ್ನೊಂದು ದಾರಿ ಸ್ಕೋರ್ ಟೆಸ್ಟ್. ಅದನ್ನು 1948ರಲ್ಲಿ ಕೊಟ್ಟವರು ಸಿ.ಆರ್. ರಾವ್. 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. ತೀರಿಕೊಂಡದ್ದು 2023ರಲ್ಲಿ, ನೂರೆರಡು ವರ್ಷ ಬದುಕಿ. ಇದೇ ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರ ಪರೀಕ್ಷೆಯೊಂದು ನನ್ನ ಮುಂದಿತ್ತು, ನಾನು ನಕ್ಷತ್ರ ಎಣಿಸುತ್ತ ಕೂತಿದ್ದೆ.

ನಮ್ಮ ನಾಲ್ವರಲ್ಲಿ ಒಬ್ಬ ಸುಲಭದ ದಾರಿ ಹೇಳಿದ: “ಆ ಗುಳೆ ಕಾಲಮ್ ಕಿತ್ತು ಒಗಿ ಮಾರಾಯ. ಉಳಿದದ್ದೆಲ್ಲ ಚೊಲೋ ಓಡ್ತದ. ಸಂಜಿಗಿ ಕಳಸಬೇಕು.” ತಪ್ಪಾಗಿ ತಿಳಿಯಬೇಡಿ, ಅವನು ಸೋಮಾರಿಯಲ್ಲ. ಇಂಥ ಸಲಹೆ ಇಂಟರ್ನೆಟ್ಟಿನ ತುಂಬ ಇದೆ: ತೊಂದರೆ ಕೊಡುವ ವೇರಿಯೇಬಲ್ ತೆಗೆಯಿರಿ. ತೆಗೆದರೆ ಗುಳೆಯ ಭಾರವೆಲ್ಲ ಹೊಲದ ಮೇಲೆ, ದೂರದ ಮೇಲೆ ಬೀಳುತ್ತದೆ. ವರದಿ ಓದಿದವರು ಹಾಗಾದರೆ ಒಂದು ಬಸ್ಸು ಬಿಟ್ಟರೆ ಸಾಕು ಎನ್ನುತ್ತಾರೆ.

ಸಂಜೆಯ ಗಡುವನ್ನು ಮುಂದಕ್ಕೆ ಹಾಕಿಸಿಕೊಂಡೆ. ಬೈಗುಳ ತಿಂದೆ.

ಆಮೇಲೆ ಗೋಣಿಚೀಲ ಬಿಚ್ಚಿ ಗುಳೆ ಮನೆಗಳ ಫಾರ್ಮುಗಳನ್ನು ಒಂದೊಂದಾಗಿ ತೆಗೆದೆ. ಒಬ್ಬಳೂ ಓದುತ್ತಿಲ್ಲ ಎಂಬುದು ನಿಜ ಇರಬಹುದು, ಆದರೆ ಒಬ್ಬಳೂ? ಹತ್ತಾರು ಫಾರ್ಮು ತಿರುವಿದ ಮೇಲೆ ಕಣ್ಣಿಗೆ ಬಿದ್ದದ್ದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಣ್ಣ ಅಕ್ಷರ: ‘ನೆ’. ಇನ್ನೊಂದರಲ್ಲೂ ‘ನೆ’. ಬರವಣಿಗೆ ನನ್ನದೇ.

ನೆ ಎಂದರೆ ನೆರೆಮನೆ.

ನಾವು ಹಳ್ಳಿಗೆ ಹೋದದ್ದು ಫೆಬ್ರುವರಿಯಲ್ಲಿ. ಗುಳೆ ಹೋದವರ ಮನೆಗೆ ಬೀಗ. ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತ ಮುದುಕಿಯನ್ನು ಕೇಳಿದ್ದೆ. “ಅವರ್ ಇಲ್ರಿ, ಬೆಂಗಳೂರಿಗಿ ದುಡಿಲಾಕ ಹೋಗ್ಯಾರ. ಉಗಾದಿಗಿ ಬರ್ತಾರ.” “ಹುಡುಗಿ ಓದ್ತಾಳೇನ್ರಿ?” “ಎಲ್ಲಿ ಓದು ತಗೋರಿ. ಮನಿಗಿ ಕೀಲಿ ಬಿದ್ದದ ಕಾಣಸಂಗಿಲ್ಲೇನು?” ನಾನು ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದ್ದೆ, ಮನಸ್ಸಿನ ಸಮಾಧಾನಕ್ಕೆ ಅಂಚಿನಲ್ಲಿ ‘ನೆ’ ಬರೆದಿದ್ದೆ. ಕಂಪ್ಯೂಟರಿಗೆ ಏರಿಸುವಾಗ ಟಿಕ್ಕಿಗೆ ಕಾಲಮ್ ಇತ್ತು, ಪೆನ್ಸಿಲಿಗೆ ಇರಲಿಲ್ಲ.

ಗೆಳೆಯರನ್ನು ಕೇಳಿದೆ. ಅವರೂ ಹಾಗೇ ಮಾಡಿದ್ದರು, ಪೆನ್ಸಿಲಿನ ಗುರುತೂ ಇಲ್ಲದೆ. ಅಂದರೆ ಆ ಸೊನ್ನೆಯಲ್ಲಿ ಒಂದಷ್ಟು ಹುಡುಗಿಯರು ನಿಜಕ್ಕೂ ಓದು ಬಿಟ್ಟವರು, ಒಂದಷ್ಟು ಬರೀ ಬೀಗ.

ಯುಗಾದಿಯವರೆಗೆ ಕಾದೆವು. ಬೇರೆ ದಾರಿ ಇರಲಿಲ್ಲ. ಹಬ್ಬಕ್ಕೆ, ಊರಜಾತ್ರೆಗೆ ಜನ ಬಂದಾಗ ಬೈಕಿನಲ್ಲಿ ಮತ್ತೆ ಸುತ್ತಿದೆವು. ಬಹುಪಾಲು ಮನೆಗಳಲ್ಲಿ ಮುದುಕಿ ಹೇಳಿದ್ದೇ ನಿಜವಿತ್ತು. ಹುಡುಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ, ಅಡುಗೆ ಮಾಡುತ್ತಾಳೆ, ಕೆಲವರ ಮದುವೆಯೇ ಆಗಿದೆ. ಆದರೆ ಎಲ್ಲರದೂ ಅಲ್ಲ. ಸುರಪುರ ತಾಲ್ಲೂಕಿನ ಒಂದು ಮನೆಯ ಹುಡುಗಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಅಪ್ಪ-ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ, ರಜೆಗೆ ಬಂದರೆ ಊರಲ್ಲಿ ಮನೆಗೆ ಬೀಗ, ಹಾಗಾಗಿ ಸೋದರತ್ತೆ ಮನೆಗೆ ಹೋಗುತ್ತಿದ್ದಳಂತೆ. ಶಹಾಪುರ ಕಡೆ ಇನ್ನೊಬ್ಬಳು ಅಜ್ಜಿ ಊರಲ್ಲಿದ್ದು ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವಳ ತಾಯಿ ನನ್ನ ಫಾರ್ಮನ್ನೇ ದಿಟ್ಟಿಸಿ ಕೇಳಿದಳು: “ಈ ದುಡ್ಡೆಲ್ಲ ಯಾಕ ದುಡಿಲಾಕ ಹೋಗೀವಿ ಅಂದ್ಕೊಂಡ್ರಿ?”

ಇಲ್ಲಿ ಒಂದು ಲೆಕ್ಕ ತೋರಿಸುತ್ತೇನೆ. ನಮ್ಮ ಅಂಕಿಗಳಲ್ಲ, ಅವು ವರದಿಯಲ್ಲೇ ಬರಲಿ. ಅದೇ ಆಕಾರದ, ಸುಮ್ಮನೆ ಹಿಡಿದ ಅಂಕಿ. ಗುಳೆ ಹೋಗದ 40 ಮನೆಗಳಲ್ಲಿ 25 ಹುಡುಗಿಯರು ಓದುತ್ತಿದ್ದಾರೆ, 15 ಇಲ್ಲ. ಗುಳೆ ಹೋದ 20 ಮನೆಗಳಲ್ಲಿ ಓದುತ್ತಿರುವವರು ಸೊನ್ನೆ. ಓದುತ್ತಿರುವವರನ್ನು ಬಿಟ್ಟವರಿಂದ ಭಾಗಿಸಿದರೆ ಸಿಗುವುದು ಆಡ್ಸ್. ಒಂದು ಕಡೆ 25 ಭಾಗಿಸು 15, ಇನ್ನೊಂದು ಕಡೆ 0 ಭಾಗಿಸು 20. ಎರಡನ್ನೂ ಹೋಲಿಸಲು ಹೋದರೆ ಸೊನ್ನೆಯಿಂದ ಭಾಗಿಸಬೇಕು, ಲೆಕ್ಕ ನಿಂತುಹೋಗುತ್ತದೆ.

1993ರಲ್ಲಿ ಡೇವಿಡ್ ಫರ್ತ್ ಎಂಬ ಸಂಖ್ಯಾಶಾಸ್ತ್ರಜ್ಞ ಬೇರೊಂದು ಕಾರಣಕ್ಕೆ ಒಂದು ತಿದ್ದುಪಡಿ ಕೊಟ್ಟರು. ಸಣ್ಣ ಸ್ಯಾಂಪಲ್ಲಿನಲ್ಲಿ ಅಂದಾಜುಗಳು ಒಂದು ಕಡೆ ವಾಲುವುದನ್ನು ಸರಿಪಡಿಸಲು. ಅದು ಸೆಪರೇಶನ್ನಿಗೂ ಮದ್ದು ಎಂದು 2002ರಲ್ಲಿ ಹೈನ್ಸೆ ಮತ್ತು ಶೆಂಪರ್ ತೋರಿಸಿದರು. ನಮ್ಮ ಉದಾಹರಣೆಯಂಥ ನಾಲ್ಕು ಖಾನೆಯ ಕೋಷ್ಟಕದಲ್ಲಿ ಅದರ ಅರ್ಥ ತೀರಾ ಸರಳ: ಪ್ರತಿ ಖಾನೆಗೂ ಅರ್ಧ ಸೇರಿಸು. ಅರ್ಧ ಹುಡುಗಿ ಎಂದರೆ ಏನು ಎಂದು ನಾವು ನಕ್ಕೆವು. ಆದರೆ ಆ ಅರ್ಧ ಹೇಳುವುದು, ನೀನು ನೋಡಿದ್ದು ಇಪ್ಪತ್ತೇ ಮನೆ, ಇಪ್ಪತ್ತೊಂದನೆಯದರಲ್ಲಿ ಒಬ್ಬಳು ಇರಬಹುದು ಎಂದು. ಈಗ 25.5 ಭಾಗಿಸು 15.5, ಮತ್ತು 0.5 ಭಾಗಿಸು 20.5. ಗುಳೆ ಹೋಗದ ಮನೆಯ ಆಡ್ಸ್ ಸುಮಾರು 67 ಪಟ್ಟು. ದೊಡ್ಡದು, ಆದರೆ ಅನಂತವಲ್ಲ.

ಇನ್ನು ಆ 20 ಮನೆಗಳಲ್ಲಿ ಇಬ್ಬರು, ಬರೀ ಇಬ್ಬರು, ಓದುತ್ತಿದ್ದಾರೆ ಎಂದು ಗೊತ್ತಾಯಿತು ಅನ್ನಿ. 2.5 ಭಾಗಿಸು 18.5. ಈಗ ವ್ಯತ್ಯಾಸ ಸುಮಾರು 12 ಪಟ್ಟು. ಅರವತ್ತೇಳು ಹನ್ನೆರಡಾಯಿತು. ಫರ್ತ್ ತಿದ್ದುಪಡಿಯನ್ನು ಆರ್‌ನಲ್ಲಿ ಲಾಜಿಸ್ಟ್‌ಎಫ್ ಎಂಬ ಪ್ಯಾಕೇಜಿನಿಂದ ಒಂದೇ ಸಾಲಿನಲ್ಲಿ ಹಾಕಬಹುದು. ಆ ರಾತ್ರಿಯೇ ಅದು ಗೊತ್ತಿದ್ದಿದ್ದರೆ ಹಾಕಿ, ಚೆಂದದ ಸಂಖ್ಯೆ ಪಡೆದು, ಅರವತ್ತೇಳರಂಥ ಹೆಡ್ಡಿಂಗ್ ಕೊಟ್ಟು ಮಲಗುತ್ತಿದ್ದೆ. ಯುಗಾದಿಗೆ ಹೋಗುತ್ತಿರಲಿಲ್ಲ.

ಪೈಥಾನಿನಲ್ಲಿ ಸೈಕಿಟ್-ಲರ್ನ್ ಬಳಸುವ ಗೆಳೆಯರಿಗೊಂದು ಮಾತು. ಅದರ ಲಾಜಿಸ್ಟಿಕ್ ರಿಗ್ರೆಶನ್ ನೀವು ಹೇಳದೆಯೇ ಸಂಖ್ಯೆಗಳನ್ನು ಸೊನ್ನೆಯ ಕಡೆ ಎಳೆದು ಹಿಡಿಯುತ್ತದೆ. ಹಾಗಾಗಿ ಇಂಥ ಸೊನ್ನೆ ಇದ್ದರೂ ಲೆಕ್ಕ ಸುಸೂತ್ರ ಮುಗಿದು, ಸೊನ್ನೆ ಇತ್ತೆಂದೇ ನಿಮಗೆ ತಿಳಿಯುವುದಿಲ್ಲ. ನಾಲ್ಕು ಖಾನೆಯ ಕೋಷ್ಟಕವನ್ನು ಮೊದಲೇ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಕೊನೆಗೆ ನಾವು ಮಾಡಿದ್ದು: ‘ಯಾರು ಉತ್ತರಿಸಿದರು’ ಎಂದು ಹೊಸ ಕಾಲಮ್ ಮಾಡಿದೆವು. ನೆರೆಮನೆಯವರು ಹೇಳಿದ ‘ಇಲ್ಲ’ಗಳಲ್ಲಿ ಖುದ್ದು ಖಾತ್ರಿಯಾದವನ್ನು ಇಟ್ಟು, ಆಗದವನ್ನು ಖಾಲಿ ಬಿಟ್ಟೆವು. ಫರ್ತ್ ವಿಧಾನದಲ್ಲೇ ಓಡಿಸಿದೆವು, ಯಾಕೆಂದರೆ ಆ ಖಾನೆಯಲ್ಲಿ ಈಗಲೂ ಬೆರಳೆಣಿಕೆಯವರೇ. ಗುಳೆಯ ಪರಿಣಾಮ ಇದೆ, ದೊಡ್ಡದೇ ಇದೆ, ಆದರೆ ಎಷ್ಟು ದೊಡ್ಡದು ಎಂಬುದರ ಮಿತಿ ಬಹಳ ಅಗಲ. ಆ ಅಗಲವನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲೇ ಬರೆದೆವು. ‘ಗಮನಾರ್ಹ ಸಂಬಂಧ ಇಲ್ಲ’ ಎಂಬ ವಾಕ್ಯ ಅಳಿಸಿದೆ. ಸಂಸ್ಥೆಯವರು ಒಂದೇ ಸಂಖ್ಯೆ ಕೊಡಿ, ಹೆಡ್ಡಿಂಗಿಗೆ ಬೇಕು ಎಂದು ಎರಡು ಸಲ ಕೇಳಿದರು. ಕೊಡಲಿಲ್ಲ. ಮುಂದಿನ ಸರ್ವೆಗೆ ನಮ್ಮನ್ನು ಕರೆಯುತ್ತಾರೋ ಇಲ್ಲವೋ.

ಕೆಲವು ಮನೆಗಳು ಯುಗಾದಿಗೂ ತೆರೆಯಲಿಲ್ಲ. ಕಟ್ಟೆಯ ಮುದುಕಿಯನ್ನು ಮತ್ತೆ ಕೇಳಿದೆ. “ಮಿರಗ ಬಿದ್ರ ಬಿತ್ತಲಾಕ ಬರಬೇಕಲ್ಲ, ಆಗ ಬರ್ರಿ” ಎಂದಳು. ಆ ಫಾರ್ಮುಗಳು ಬೈಕಿನ ಬ್ಯಾಗಿನಲ್ಲೇ ಇವೆ, ಉತ್ತರದ ಜಾಗ ಖಾಲಿ. ಪೆನ್ಸಿಲ್ ಬಿಟ್ಟು ಈ ಸಲ ಪೆನ್ ಇಟ್ಟುಕೊಂಡಿದ್ದೇನೆ.